ಎಣ್ಣೆ ಮುಚ್ಚಳದ ಮೇಲೆ ಕೈ

ಇಂಜಿನ್ ಓಡುತ್ತಿರುವಾಗ ಎಣ್ಣೆ ಮುಚ್ಚಳ ತೆಗೆಯಬಾರದು. ಈ ನಿಯಮವನ್ನು ವಾಡಿಯ ನಮ್ಮ ಕಾರ್ಖಾನೆಯ ವರ್ಕ್‌ಶಾಪಿನ ಗೋಡೆಯ ಮೇಲೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ, ಅಲ್ಲಿನ ಇಂಜಿನಿಯರಾಗಿದ್ದ ನಾನೇ ಬರೆಸಿದ್ದೆ. ಓದಲು ಬರುವವರೆಲ್ಲ ಅದನ್ನು ಮುರಿದರು. ಬರೆದು ಹಾಕಿದ ಕಡೆಯೇ ಇಂಥವು ಹೆಚ್ಚು ನಡೆಯುತ್ತವೆ. ‘ಬಣ್ಣ ಹಸಿ ಇದೆ’ ಎಂದು ಬರೆದ ಬಾಗಿಲ ಮೇಲೆಯೇ ಬೆರಳಿನ ಗುರುತು ಇರುತ್ತದೆ.

ಎಪ್ಪತ್ತರ ದಶಕದ ಮಾತು. ಪ್ರತಿ ಚಳಿಗಾಲ ಶಹಾಬಾದಿನ ಹಳೆಯ ಫರಸಿ ಕಲ್ಲಿನ ಗಣಿಯೊಂದರಲ್ಲಿ ಜೀಪುಗಳ ರೇಸು. ಕಲ್ಲು ತೆಗೆದ ಮೇಲೆ ಉಳಿದ ತಳ ಪಡಸಾಲೆಯಷ್ಟು ಸಪಾಟು. ಅಲ್ಲಿ ಎಣ್ಣೆ ಬಿದ್ದರೆ ಹಿಂದಿನ ಗಾಡಿ ಜಾರುತ್ತದೆ. ಹಾಗಾಗಿ ಎಣ್ಣೆ ಸೋರುವ ಗಾಡಿ ಗೆದ್ದರೂ ಸೋತ ಹಾಗೆ. ರೇಸು ಮುಗಿದ ಕೂಡಲೇ, ಇಂಜಿನ್ ಬಂದ್ ಮಾಡದೆ, ಅಡಿಯಲ್ಲಿ ಬಿಳಿ ಬಟ್ಟೆ ಹಾಸಿ ನೋಡುತ್ತಿದ್ದರು. ನಮ್ಮ ಜೀಪು ಸೋರದ ಜಾಗವೇ ಇರಲಿಲ್ಲ. ಅದನ್ನು ಹದಿನೈದು ವರ್ಷ ಸಾಕಿದವರು ನಮ್ಮ ಮುದಿ ಮಿಸ್ತ್ರಿ. ಈ ಸಲ ಸೋತರೆ ಜೀಪು ಗುಜರಿಗೆ ಎಂದು ಮ್ಯಾನೇಜರ್ ಹೇಳಿಬಿಟ್ಟರು. ಮಿಸ್ತ್ರಿ ಎರಡು ದಿನ ಊಟದ ಡಬ್ಬಿ ತೆರೆಯಲಿಲ್ಲ.

ಉಪಾಯ ನನಗೆ ಸಿಕ್ಕಿದ್ದು ಇಂಗ್ಲಿಷ್ ಮೋಟಾರು ಪತ್ರಿಕೆಯೊಂದರಲ್ಲಿ. ಪಿಸ್ಟನ್ನಿನ ಪಕ್ಕದಿಂದ ನುಸುಳಿದ ಹೊಗೆ ಇಂಜಿನಿನ ಹೊಟ್ಟೆಯಲ್ಲಿ ತುಂಬಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ದೊಡ್ಡ ರೇಸಿನ ಇಂಜಿನುಗಳಿಗೆ ವ್ಯಾಕ್ಯೂಮ್ ಪಂಪು ಕೂಡಿಸಿ ಆ ಹೊಗೆಯನ್ನು ಹೀರಿಬಿಡುತ್ತಾರೆ. ಎಣ್ಣೆ ಒಳಗೇ ನಿಲ್ಲುತ್ತದೆ, ಪಿಸ್ಟನ್ನಿನ ರಿಂಗುಗಳು ಬಿಗಿಯಾಗಿ ಕೂಡುತ್ತವೆ, ಓಟವೂ ಹೆಚ್ಚು. ಕೆಟ್ಟ ಲಾರಿಯೊಂದರ ಬ್ರೇಕಿನ ವ್ಯಾಕ್ಯೂಮ್ ಪಂಪು ಬಿಚ್ಚಿ, ಬೆಲ್ಟು ಹಾಕಿ ಜೀಪಿಗೆ ಕೂಡಿಸಿದೆವು. ಸೋರುವುದು ನಿಂತೇಬಿಟ್ಟಿತು! ವರ್ಕ್‌ಶಾಪಿನಲ್ಲಿ ಕೂಗಬಾರದೆಂಬ ನನ್ನ ಇನ್ನೊಂದು ನಿಯಮ ಆ ದಿನ ನನಗೇ ಮರೆತುಹೋಯಿತು.

ಮುಚ್ಚಳ ತೆಗೆದರೆ ಹೀರಿಕೆ ಸತ್ತು ಕಲ್ಲಿನ ಧೂಳು ಒಳಗೆ ಹೋಗುತ್ತದೆ. ಅದಕ್ಕೇ ಆ ನಿಯಮ. ಮಿಸ್ತ್ರಿಗೆ ಉರ್ದು ಬಿಟ್ಟರೆ ಬೇರೇನೂ ಓದಲು ಬರದು. ಒಂದೇ ಸಲ ಅರ್ಥ ಕೇಳಿದರು, ಹೇಳಿದೆ. “ಆಯ್ತ್ರಿ” ಎಂದರು.

ಡ್ರೈವರನ ಅಂಗೈ

ನಮ್ಮ ಕಡೆ ಇಂಜಿನಿನ ನಾಡಿ ನೋಡುವ ಪದ್ಧತಿ ಒಂದೇ. ಓಡುವಾಗ ಎಣ್ಣೆ ಮುಚ್ಚಳ ತೆಗೆದು ಮೇಲೆ ಅಂಗೈ ಹಿಡಿಯುವುದು. ಹೊಗೆ ಎಷ್ಟು ಜೋರೋ ಇಂಜಿನಿಗೆ ಅಷ್ಟು ವಯಸ್ಸು. ಚಿತ್ತಾಪುರದ ನಮ್ಮ ಡ್ರೈವರ್ ಗೋಡೆಯ ಬರಹವನ್ನು ಗಟ್ಟಿಯಾಗಿ ಓದಿ, ಮುಚ್ಚಳ ತೆಗೆದು ಅಂಗೈ ಇಟ್ಟ. ಅದು ಅಂಟಿಕೊಂಡಿತು.

“ಸಾಹೇಬ್ರ! ಹಿಡ್ಕೊಂಡದ್ರಿ, ಬಿಡವಲ್ದು!”

“ಈಗ ತಾನೇ ಓದಿದೆಯಲ್ಲ?” ಎಂದೆ.

“ಓದೀನ್ರಿ. ಮುಚ್ಚಳ ತೆಗೀಬ್ಯಾಡ ಅಂತ ಅದ. ಕೈ ಇಡಬ್ಯಾಡ ಅಂತ ಎಲ್ಲದರಿ?”

ಸ್ಟೋರ್‌ಕೀಪರರ ತಂಬಾಕು

ಡ್ರೈವರ್ ಹೇಳಿದ್ದನ್ನು ಚಿಂಚೋಳಿಯ ಸ್ಟೋರ್‌ಕೀಪರ್ ನಂಬಲಿಲ್ಲ. “ಇಂಜಿನ್ ಉಗುಳ್ತದ, ನುಂಗ್ತದೇನ್ರಿ?” ಎನ್ನುತ್ತ ತಾವೇ ಮುಚ್ಚಳ ತೆಗೆದು ಅಂಗೈ ಕವುಚಿದರು. ಆ ಅಂಗೈಯಲ್ಲಿ ಆಗ ತಾನೇ ತಿಕ್ಕಿದ ತಂಬಾಕು ಇತ್ತು. ಅಷ್ಟೂ ಒಳಗೆ ಹೋಯಿತು.

ಇಂಜಿನಿನ ತಳ ಬಿಚ್ಚಿ ತೊಳೆಯಲು ಅರ್ಧ ದಿನ ಹಿಡಿಯಿತು. ಸ್ಟೋರ್‌ಕೀಪರ್ ಮಾತ್ರ ಅಲ್ಲೇ ನಿಂತು, “ಭಾಳ ಚಲೋ ತಂಬಾಕಿತ್ರಿ” ಎಂದು ಹಲುಬುತ್ತಿದ್ದರು. ಜೀಪಿನ ಅಡಿಯಿಂದ ಮಿಸ್ತ್ರಿ ಹೇಳಿದರು: “ಸುಣ್ಣದ ಡಬ್ಬಿ ಇಲ್ಲೇ ಇಟ್ಟು ಹೋಗ್ರಿ. ಇಂಜಿನ್ ಕೇಳಿದ್ರ ಕೊಡ್ತೀನಿ.”

ಮ್ಯಾನೇಜರರ ಹುಕುಂ

ರೇಸಿಗೆ ಎರಡು ದಿನ ಇರುವಾಗ ಮ್ಯಾನೇಜರ್ ಬಂದರು. ಜೀಪನ್ನು ಗುಜರಿಗೆ ಹಾಕುವ ಹುಕುಂ ಟೈಪಾಗಿ ಕೈಯಲ್ಲಿಯೇ ಇತ್ತು. “ಸೋತರೆ ಸಹಿ, ಗೆದ್ದರೆ ಹರಿದು ಹಾಕುವೆ” ಎಂದು ಮಿಸ್ತ್ರಿಗೆ ತೋರಿಸಿದರು. ಆಮೇಲೆ ಓಡುತ್ತಿದ್ದ ಇಂಜಿನಿನತ್ತ ನೋಡಿ, “ಅದು ನಿಜವಾಗಿ ಹೀರುತ್ತದೆಯೇ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ಮುಚ್ಚಳ ತೆರೆದಿದ್ದರು. ಆ ಕಾಗದವನ್ನೇ ಇಂಜಿನಿನ ಬಾಯಿಯ ಮೇಲಿಟ್ಟರು. ಕಾಗದ ಹಲಗೆ ವಾದ್ಯದ ಚರ್ಮದಂತೆ ಬಿಗಿಯಿತು, ನಡುವೆ ತಗ್ಗಾಯಿತು, ಗುಳುಂ ಎಂದಿತು.

“ನಿಯಮ ಇತ್ತು, ಸರ್” ಎಂದೆ.

“ಅದು ಕೆಲಸಗಾರರಿಗೆ” ಎಂದರು.

ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಮತ್ತೆ ಜೀಪಿನಡಿ ಸರಿಯುತ್ತ ನುಡಿದರು: “ಹುಕುಂ ಜೀಪಿಗೇ ಮುಟ್ಟಿತು, ಹುಜೂರ್. ಅರಗಲಿಲ್ಲಂದ್ರ ವಾಪಸ್ ಕೊಡ್ತೀನಿ.”

ಬಿಳಿ ಬಟ್ಟೆ

ರೇಸಿನ ದಿನ ಗಣಿಯ ಅಂಚಿನ ತುಂಬ ಜನ. ಸೇಡಂನಿಂದಲೂ ಲಾರಿ ಮಾಡಿಕೊಂಡು ಬಂದಿದ್ದರು. ಭಾರ ಕಡಿಮೆಯಾಗಲೆಂದು ಬಾನೆಟ್ ಬಿಚ್ಚಿಟ್ಟಿದ್ದ ನಮ್ಮ ಜೀಪು ಗೆರೆಯ ಮೇಲೆ ಗುರುಗುಡುತ್ತಿತ್ತು. ಗಾಡಿ ತಪಾಸಣೆಯವರು ಬಗ್ಗಿ ನೋಡಿದರು. ಒಂದು ಹನಿ ಇಲ್ಲ.

“ಎಣ್ಣಿನೇ ಹಾಕಿಲ್ಲೇನ್ರಿ? ಮುಚ್ಚಳ ತೆಗೆದು ತೋರಸ್ರಿ” ಎಂದು ನಕ್ಕರು.

ನನ್ನ ನೆತ್ತಿಗೇರಿತು. “ತೋರಿಸುತ್ತೇನೆ, ಬನ್ನಿ!” ಎಂದು ನಾನೇ ಮುಚ್ಚಳಕ್ಕೆ ಕೈ ಹಾಕಿದೆ. ಅದಕ್ಕೂ ಮೊದಲು ಒಂದು ಕಪ್ಪು ಕೈ ಅಲ್ಲಿ ಬಂದು ಕೂತಿತ್ತು.

“ಇಂಜಿನ್ ಓಡಲಿಕತ್ತದ್ರಿ, ಸಾಹೇಬ್ರ.”

“ಮಿಸ್ತ್ರಿ, ನಾನು ಹೇಳುತ್ತಿದ್ದೇನೆ!”

“ಮೊದಲ ಹೇಳಿದವ್ರೂ ನೀವೇ ಅಲ್ರಿ?”

ಅಷ್ಟರಲ್ಲಿ ಬಾವುಟ ಇಳಿಯಿತು. ಮಿಸ್ತ್ರಿ ಕೈ ತೆಗೆಯಲಿಲ್ಲ. ಹಾರಿ ಮಡ್‌ಗಾರ್ಡಿನ ಮೇಲೆ ಕೂತರು. ಜೀಪು ಅವರನ್ನು ಹೊತ್ತುಕೊಂಡೇ ಹಾರಿತು! ಮೂರು ಸುತ್ತು. ಒಂದು ಕೈ ಗಾಜಿನ ಚೌಕಟ್ಟಿಗೆ, ಇನ್ನೊಂದು ಮುಚ್ಚಳಕ್ಕೆ, ಗಡ್ಡದ ತುಂಬ ಕಲ್ಲಿನ ಹಿಟ್ಟು. ಕೊನೆಯ ತಿರುವಿನಲ್ಲಿ ಮುಂದಿದ್ದ ಗಾಡಿ ತನ್ನದೇ ಎಣ್ಣೆಯ ಮೇಲೆ ಜಾರಿತು. ನಮ್ಮದು ಒಂದು ಮೊಳ ಮುಂದೆ ಗೆರೆ ದಾಟಿತು. ನಾನು ಟೊಪ್ಪಿಗೆ ಎಸೆದು ಕೂಗುತ್ತ ಓಡಿದೆ.

ಜೀಪಿನಡಿ ಬಿಳಿ ಬಟ್ಟೆ ಹಾಸಿ ನೂರರವರೆಗೆ ಎಣಿಸಲು ಶುರುಮಾಡಿದರು. ಎಪ್ಪತ್ತಾಯಿತು, ಎಂಬತ್ತಾಯಿತು, ಬಟ್ಟೆ ಬಿಳಿಯಾಗಿಯೇ ಇತ್ತು. ಮ್ಯಾನೇಜರ್ ತಡೆಯಲಾರದೆ, ಹೊಸದಾಗಿ ಟೈಪು ಮಾಡಿಸಿದ್ದ ಹುಕುಮನ್ನು ಹರಿದೆಸೆದು ಮಿಸ್ತ್ರಿಯತ್ತ ಕೈ ಚಾಚಿದರು: “ಶಹಬ್ಬಾಸ್! ಕೈ ಕೊಡಿ, ಮಿಸ್ತ್ರಿ!”

ಮಿಸ್ತ್ರಿ ಆ ಕೈಯನ್ನು ನೋಡಿದರು, ಇಂಜಿನನ್ನು ನೋಡಿದರು.

“ಇನ್ನಾ ಓಡಲಿಕತ್ತದ್ರಿ, ಹುಜೂರ್” ಎಂದು ಮುಚ್ಚಳದ ಮೇಲೆ ಎರಡನೆಯ ಕೈಯನ್ನೂ ಇಟ್ಟರು.