ಹೊರಗೆ ಕಳಿಸಿ ಒಳಗೆ ಕರೆಯದ ಮೂರನೆಯ ಬಾಗಿಲಿಗೆ

ಗೆ,
ಮೂರನೆಯ ನಿರ್ಗಮನ ದ್ವಾರದವರು,
ವಿಮಾನ ನಿಲ್ದಾಣದ ನೆಲ ಅಂತಸ್ತು,
ಕಾಯುವವರ ಕುರ್ಚಿಗಳ ಎದುರು, ಶೌಚಾಲಯದ ಪಕ್ಕ.

ಮಾನ್ಯರೇ,

ತಮ್ಮ ಎರಡೂ ಗಾಜಿನ ರೆಕ್ಕೆಗಳು ಕುಶಲವೆಂದೂ, ತಮ್ಮ ನೆತ್ತಿಯ ಮೇಲಿನ ಪುಟ್ಟ ಕೆಂಪು ಕಣ್ಣು ಹಗಲಿರುಳು ಎನ್ನದೆ ಬಂದವರನ್ನೆಲ್ಲ ನೋಡುತ್ತಿದೆಯೆಂದೂ ನಂಬಿ, ದಾರಿಹೋಕನೊಬ್ಬನ ದೂರನ್ನು ತಮ್ಮ ಹೊಸ್ತಿಲಲ್ಲಿ ಇಡುತ್ತಿದ್ದೇನೆ. ನಾನು ತಮಗೆ ತೀರ ಪರಕೀಯನಲ್ಲ. ಇಪ್ಪತ್ತಾರು ವರ್ಷಗಳಿಂದ ಲಿಫ್ಟು ರಿಪೇರಿ ಮಾಡಿಕೊಂಡು ಬಂದವನು, ಅದರಲ್ಲೂ ಲಿಫ್ಟಿನ ಬಾಗಿಲು ಎಂದರೆ ನನ್ನನ್ನೇ ಕರೆಯುತ್ತಾರೆ. ಹೀಗಾಗಿ ತಮ್ಮ ದಾಯಾದಿಗಳ ಅನ್ನ ತಿಂದೇ ಈ ಹೊಟ್ಟೆ ಇಷ್ಟು ಬೆಳೆದಿದೆ. ತಮ್ಮ ಮೇಲೆ ದೂರು ಬರೆಯಲು ಕೈ ನಡುಗಬೇಕಿತ್ತು. ನಡುಗುತ್ತಿಲ್ಲ ಎನ್ನುವುದರಿಂದಲೇ ನನಗಾದ ಅನ್ಯಾಯ ಎಂಥದ್ದೆಂದು ತಾವು ಊಹಿಸಿಕೊಳ್ಳಬೇಕು.

ಆ ದಿನ ಮಧ್ಯಾಹ್ನ ಮೂರಕ್ಕೆ ನಾನೂ ನನ್ನ ಹೆಂಡತಿಯೂ ತಮ್ಮ ನಿಲ್ದಾಣದಲ್ಲಿ ಇಳಿದೆವು. ನಾದಿನಿಯ ಮನೆಗೆ ಹೋಗುವ ಮುಂದಿನ ವಿಮಾನ ರಾತ್ರಿ ಒಂಬತ್ತೂವರೆಗೆ. ಕಾಲು ಚಾಚಿ ಒರಗಬಹುದಾದ, ಪಕ್ಕದಲ್ಲೇ ಫೋನು ಚಾರ್ಜಿಗೆ ಹಾಕಬಹುದಾದ ಕುರ್ಚಿ ಆ ಸಾಲಿನಲ್ಲಿ ಒಂದೇ ಒಂದಿತ್ತು. ಅದನ್ನು ಹಿಡಿದ ನನ್ನ ಹೆಂಡತಿ, ಆಕಾಶವೇ ಕಳಚಿ ಬಿದ್ದರೂ ಒಂಬತ್ತು ಗಂಟೆಯವರೆಗೆ ತಾನು ಏಳುವವಳಲ್ಲ ಎಂದು ಘೋಷಿಸಿದಳು. ನಾನು ಬೂಟು ಬಿಚ್ಚಿ, ರಬ್ಬರು ಚಪ್ಪಲಿ ಮೆಟ್ಟಿ, ಕುತ್ತಿಗೆಗೆ ಪ್ರಯಾಣದ ದಿಂಬನ್ನು ಸುತ್ತಿಕೊಂಡು ಎದುರಿಗಿದ್ದ ತಮ್ಮನ್ನು ನೋಡುತ್ತಾ ಕುಳಿತೆ. ಅತಿಶಯೋಕ್ತಿ ಎಂದುಕೊಳ್ಳಬೇಡಿ, ತಾವು ಮುಚ್ಚಿಕೊಳ್ಳುವ ಚಂದ ನಾನು ಎಲ್ಲೂ ಕಂಡದ್ದಲ್ಲ. ಕೊನೆಯ ಒಂದು ಗೇಣು ಉಳಿದಾಗ ತಾವು ವೇಗ ತಗ್ಗಿಸಿ, ನಿದ್ದೆ ಹೋದ ಕೂಸನ್ನು ತಾಯಿ ಚಾಪೆಯ ಮೇಲೆ ಮಲಗಿಸಿದ ಹಾಗೆ ಸದ್ದಿಲ್ಲದೆ ಸೇರಿಕೊಳ್ಳುತ್ತೀರಿ.

ನಮ್ಮ ಕಸುಬಿನವರಿಗೆ ಒಂದು ಚಾಳಿಯಿದೆ. ಒಳ್ಳೆಯ ಬಾಗಿಲು ಕಂಡರೆ ಮುಚ್ಚುವ ಹೊತ್ತಿಗೆ ನಡುವೆ ಕೈ ಒಡ್ಡಿ ನೋಡುತ್ತೇವೆ. ಬಾಗಿಲು ಹಿಂದೆ ಸರಿದರೆ ಅದು ನಮ್ಮ ಲೆಕ್ಕದಲ್ಲಿ ನಮಸ್ಕಾರಕ್ಕೆ ಪ್ರತಿನಮಸ್ಕಾರ. ನಾನು ಕೈ ಒಡ್ಡಿದೆ, ತಾವು ಸರಿದಿರಿ. ಮೊಣಕಾಲ ಎತ್ತರದಲ್ಲಿಯೂ ತಮಗೆ ಕಣ್ಣಿದೆಯೇ ಎಂದು ಕಾಲು ಒಡ್ಡಿದೆ, ಇನ್ನೂ ಅಗಲವಾಗಿ ಸರಿದಿರಿ. ಇಷ್ಟು ಸೌಜನ್ಯದ ಹಿಂದೆ ಯಾವ ಮೋಟಾರು ಇರಬಹುದು ಎಂದು ತಮ್ಮ ಬೆನ್ನಿನ ಕಡೆ ಇಣುಕಲು ಎರಡೇ ಎರಡು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ತಾವು ಅದೇ ತಾಯ್ತನದಿಂದ ನನ್ನ ಹಿಂದೆ ಮುಚ್ಚಿಕೊಂಡಿರಿ. ತಿರುಗಿ ಕೈ ಒಡ್ಡಿದೆ, ಕಾಲು ಒಡ್ಡಿದೆ, ಕೊನೆಗೆ ದಿಂಬಿನ ಸಮೇತ ತಲೆಯನ್ನೂ ಒಡ್ಡಿದೆ. ಹೊರಗಿನ ಕಡೆಗೆ ತಮಗೆ ಕಣ್ಣೇ ಇಲ್ಲವೆಂಬುದು ಆಮೇಲೆ ತಿಳಿಯಿತು.

ಅಲ್ಲಿದ್ದ ಕಾವಲಿನವರು ಬಹಳ ಸಭ್ಯರು. ನೆಲದ ಮೇಲಿನ ಹಳದಿ ಗೆರೆ ತೋರಿಸಿ, "ಇದನ್ನ ದಾಟಿದ್ರೆ ಮುಗೀತು ಸಾರ್, ಇನ್ನು ಮುಂಬಾಗಿಲಿಂದಾನೇ ಬರ್ಬೇಕು, ಅದೂ ವಿಮಾನಕ್ಕೆ ಎರಡು ಗಂಟೆ ಇರುವಾಗ" ಎಂದು ತಿಳಿಸಿದರು. ಬಾಗಿಲು ನೋಡಲು ಬಂದವನೇ ಹೊರತು ಹೊರಗೆ ಹೋಗುವ ಉದ್ದೇಶ ನನಗಿರಲಿಲ್ಲವೆಂದು ವಿವರಿಸಿದೆ. ಬಾಗಿಲು ನೋಡಲು ಬಂದವರು ತಮ್ಮ ಸರ್ವೀಸಿನಲ್ಲಿ ಇದೇ ಮೊದಲು ಎಂದು ಅವರು ಇನ್ನೊಬ್ಬ ಕಾವಲಿನವರನ್ನೂ ಕರೆದು ನನ್ನನ್ನು ತೋರಿಸಿದರು. ಗಾಜಿನ ಆ ಬದಿಯಿಂದ ಇದನ್ನೆಲ್ಲ ನೋಡಿದ ಹೆಂಡತಿಗೆ ಫೋನು ಮಾಡಿದರೆ, ಅವಳು ನಕ್ಕು ಮುಗಿಸಲು ಹಿಡಿದದ್ದು ಪೂರಾ ಎರಡು ನಿಮಿಷ. ಆಮೇಲೆ ಅಂದದ್ದು ಒಂದೇ ಮಾತು: "ಹೇಗೂ ಹೊರಗೆ ಬಿದ್ದಿದ್ದೀರಲ್ಲ, ಅಕ್ಕನ ಮನೇಲಿ ಊಟ ಮಾಡ್ಕೊಂಡು ಬನ್ನಿ."

ಮಾನ್ಯರೇ, ನನ್ನ ನಿಜವಾದ ದೂರು ಇಲ್ಲಿಂದ ಶುರು. ತಾವಿರುವ ಆ ನಗರದಲ್ಲಿಯೇ ನನ್ನ ಅಕ್ಕನ ಮನೆ ಇದೆ. ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಆರೂವರೆ ಗಂಟೆ ಕಾಲ ಆ ನಗರದಲ್ಲಿ ಕುಳಿತು ಅವಳಿಗೆ ಸುಳಿವೂ ಕೊಡದೆ ಹಾರಿಹೋಗುವುದೆಂದು ನಾನು ಟಿಕೆಟು ತೆಗೆಸಿದ ದಿನವೇ ನಿಶ್ಚಯಿಸಿದ್ದೆ. ಒಂಬತ್ತು ವರ್ಷ ಒಂದು ಜಗಳವನ್ನು ತುಕ್ಕು ಹಿಡಿಯದಂತೆ ಕಾಪಾಡುವುದು ಎಷ್ಟು ಕಷ್ಟವೆಂದು ತಮ್ಮಂಥ ಯಂತ್ರಗಳಿಗೆ ಹೇಳಬೇಕಾಗಿಲ್ಲ.

ಜಗಳದ ಕಾರಣವನ್ನೂ ತಿಳಿಸುತ್ತೇನೆ. ಅಕ್ಕನ ಮಗಳ ಮದುವೆಯ ಬೆಳಿಗ್ಗೆ, ಅವಳ ಅಪಾರ್ಟ್‌ಮೆಂಟಿನ ಲಿಫ್ಟನ್ನು ನಾನೇ ಒಮ್ಮೆ ನೋಡಿಕೊಟ್ಟಿದ್ದೆ. ಮದುವೆಗೆ ಹೊರಟ ಅಕ್ಕ ಮತ್ತು ಇನ್ನು ಐವರು ಅದೇ ಲಿಫ್ಟಿನಲ್ಲಿ ನಾಲ್ಕನೆಯ ಹಾಗೂ ಮೂರನೆಯ ಅಂತಸ್ತಿನ ನಡುವೆ ಸಿಕ್ಕಿಕೊಂಡರು. ವಧುವಿನ ತಾಯಿ ಇಲ್ಲದೆ ಮದುವೆ ನಲವತ್ತು ನಿಮಿಷ ನಿಂತಿತು. ಕೊನೆಗೂ ನಾನು ಬಾಗಿಲು ಎಳೆದು ತೆರೆದಾಗ ಛತ್ರದಿಂದ ಹುಡುಕಿಕೊಂಡು ಬಂದ ಗಂಡಿನ ಕಡೆಯವರೆಲ್ಲ ಮೆಟ್ಟಿಲ ಮೇಲೆ ನೆರೆದಿದ್ದರು. "ಲಿಫ್ಟು ಏಳು ಜನರದ್ದೇ, ಹತ್ತಿದ್ದೂ ಆರೇ ಜನ, ಆದ್ರೆ ನಮ್ಮಕ್ಕ ಒಬ್ಳೇ ಮೂವರ ಸಮ" ಎಂದುಬಿಟ್ಟೆ. ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು. ಬೆವರಿನಲ್ಲಿ ತೋಯ್ದ ಹೊಸ ಸೀರೆಯಲ್ಲಿ ಹೊರಬಂದ ಅಕ್ಕ ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಇರಲಿ. ಟ್ಯಾಕ್ಸಿ ಹಿಡಿದೆ. ಚಾಲಕರು ಪ್ರತಿಯೊಂದು ಗುಂಡಿಗೂ ಗಾಡಿ ನಿಲ್ಲಿಸಿ, ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸುತ್ತಿದ್ದರು. ಹಿಂದಿನ ಗಾಡಿಗಳು ಹಾರ್ನು ಬಾರಿಸಿದರೆ ಕಿಟಕಿಯಿಂದ ತಲೆ ಹೊರಹಾಕಿ ಗದರುತ್ತಿದ್ದರು. ಈ ಊರಿನ ಜನ ಇಷ್ಟು ಸಾತ್ವಿಕರಾದದ್ದು ಯಾವಾಗ ಎಂದು ಬೆರಗಾಗುತ್ತಲೇ ಐದನೆಯ ಅಂತಸ್ತು ತಲುಪಿ ಕರೆಗಂಟೆ ಒತ್ತಿದೆ. ದಾರಿಯುದ್ದಕ್ಕೂ ನಾಲ್ಕು ಗಂಭೀರ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದ ಅಕ್ಕ ಒಂದನ್ನೂ ಆಡಗೊಡಲಿಲ್ಲ. "ಅಯ್ಯೋ, ಕುತ್ತಿಗೆಗೇನಾಯ್ತೋ?" ಎಂದು ಕಿರುಚಿ, ನನ್ನ ತೋಳು ಹಿಡಿದು ಒಳಗೆಳೆದು, ಸೋಫಾದ ಮೇಲೆ ಕೂರಿಸಿ, "ರೀ, ನೀರು ತನ್ನಿ, ಇವನು ಎಲ್ಲೋ ಬಿದ್ದು ಬಂದಿದ್ದಾನೆ" ಎಂದು ಭಾವನನ್ನು ಕೂಗಿದಳು. ಚಾಲಕರ ಸಾತ್ವಿಕತೆಯ ಮರ್ಮ ನನಗೆ ಹೊಳೆದದ್ದು ಆಗ. ಕುತ್ತಿಗೆ ಉಳುಕಿದವರಿಗೆ ಡಾಕ್ಟರು ಹಾಕುವ ಪಟ್ಟಿ ಎಂದುಕೊಂಡು ಅದರ ಗುಂಡಿ ಬಿಚ್ಚಿ ನೋಡಿದ ಅಕ್ಕನಿಗೆ ಅದು ಬರೀ ದಿಂಬೆಂದು ಗೊತ್ತಾಗಿ, ಸಿಟ್ಟು ಮಾಡಿಕೊಳ್ಳಬೇಕೆಂಬ ನೆನಪೂ ಬಂತು. ಅಷ್ಟರಲ್ಲಿ ತಡವಾಗಿತ್ತು, ಅವಳ ಕೈ ಆಗಲೇ ನನ್ನ ಬೆನ್ನು ಸವರುತ್ತಿತ್ತು. "ದಿಂಬು ಕಟ್ಕೊಂಡು ಊರು ತಿರುಗ್ತಾನೆ, ಇವನ ಬುದ್ಧಿಗಿಷ್ಟು" ಎಂದು ಗೊಣಗುತ್ತಾ ಅಡುಗೆಮನೆಗೆ ಹೋದಳು.

ಊಟಕ್ಕೆ ಕುಂಬಳಕಾಯಿ ಸೂಪು, ಗರಿಗರಿ ಹುರಿದ ಆಲೂಗಡ್ಡೆ, ಬಿಸಿ ಅನ್ನ ಇದ್ದವು. ಆರೂವರೆಗೆ ಕುಳಿತೆವು, ಏಳೂಕಾಲಿಗೆ ನನ್ನ ತಟ್ಟೆ ಬರಿದಾಯಿತು. ನಮ್ಮ ಮನೆಯಲ್ಲಿ ಅಪ್ಪ ಹಾಕಿಟ್ಟ ಒಂದು ಕಟ್ಟಳೆಯಿದೆ: ಊಟಕ್ಕೆ ಕೂತವರಲ್ಲಿ ಹಿರಿಯರು ಏಳುವವರೆಗೆ ಕಿರಿಯರು ಏಳಕೂಡದು, ಕೈ ಒಣಗಿ ಬಿರಿದರೂ ಸರಿಯೇ. ಆ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯಳು ಅಕ್ಕ, ಭಾವನಿಗಿಂತಲೂ ಎರಡು ತಿಂಗಳು ದೊಡ್ಡವಳು. ಅವಳ ತಟ್ಟೆಯಲ್ಲಿ ಉಳಿದದ್ದು ಒಂದೇ ತುತ್ತು. ಅದನ್ನು ಅವಳು ತಟ್ಟೆಯ ಆ ಅಂಚಿನಿಂದ ಈ ಅಂಚಿಗೆ, ಈ ಅಂಚಿನಿಂದ ಆ ಅಂಚಿಗೆ ತಳ್ಳುತ್ತಾ ಕುಳಿತಳು. ಏಳೂವರೆಯಾಯಿತು, ಏಳೂ ಮುಕ್ಕಾಲಾಯಿತು. ನಾನು ಗಡಿಯಾರ ನೋಡಿದೆ. ಭಾವ ಮೇಜುಬಟ್ಟೆಯ ಹೂಗಳನ್ನು ಎಣಿಸತೊಡಗಿದರು. "ಅಕ್ಕ, ವಿಮಾನ ತಪ್ಪುತ್ತೆ" ಎಂದೆ. "ಒಂಬತ್ತು ವರ್ಷ ನಾನು ಕಾದಿಲ್ವಾ, ನಿನ್ನ ವಿಮಾನನೂ ಸ್ವಲ್ಪ ಕಾಯ್ಲಿ" ಎಂದಳು, ಕಣ್ಣೆತ್ತದೆ.

ಇಂಥ ಬಾಗಿಲಿನ ನಡುವೆ ಒಡ್ಡಲು ನನ್ನ ಬಳಿ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ನಿಜ ಹೇಳುವುದೊಂದೇ ಉಳಿದಿತ್ತು, ಹೇಳಿದೆ. ಭಾರ ಹೆಚ್ಚಾದರೆ ಲಿಫ್ಟು ಹೊರಡುವುದೇ ಇಲ್ಲ, ನಿಂತಲ್ಲೇ ಕೂಗಿಕೊಳ್ಳುತ್ತದೆ. ಹೊರಟು ನಡುದಾರಿಯಲ್ಲಿ ನಿಂತಿತೆಂದರೆ ಅದು ಹತ್ತಿದವರ ತಪ್ಪಲ್ಲವೆಂದು ನಮ್ಮ ಕಸುಬಿಗೆ ಹೊಸದಾಗಿ ಸೇರಿದವನಿಗೂ ಗೊತ್ತು. ಬಾಗಿಲು ಜಾರುವ ಜಾಡಿನಲ್ಲಿ ಅದನ್ನು ಹಿಡಿದಿಡುವ ಒಂದು ಬಿಲ್ಲೆ ಸವೆದು ಅಲುಗಾಡುತ್ತಿದ್ದುದನ್ನು ನಾನು ಆ ಬೆಳಿಗ್ಗೆಯೇ ಕಂಡಿದ್ದೆ. ಬಾಗಿಲು ಒಂಚೂರು ಅಲುಗಿದರೂ ಲಿಫ್ಟು ನಿಂತುಬಿಡುತ್ತದೆಂದು ಗೊತ್ತಿದ್ದೂ, ಮದುವೆ ಮುಗಿದ ಮೇಲೆ ಹೊಸದು ಹಾಕಿದರಾಯಿತೆಂದು ಬಿಟ್ಟು, ಹೊಸ ಅಂಗಿ ತೊಡಲು ಓಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅಕ್ಕನ ಮೈಭಾರ ಅಂದೆ. ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಂಡೆ. ಅವಳಿಲ್ಲದ ಒಂಬತ್ತು ವರ್ಷಗಳಲ್ಲಿ ಒಂದು ದಿನವೂ ನನಗೆ ಹಿತವಾಗಿರಲಿಲ್ಲ.

ಅಕ್ಕ ಕೇಳಿಸಿಕೊಂಡಳು. ತುತ್ತು ಮಾತ್ರ ತಟ್ಟೆಯಲ್ಲೇ ಇತ್ತು. "ಅಂದಿದ್ದು ಬೀಗರೆಲ್ಲರ ಎದುರಿಗೆ, ಒಪ್ಕೊಳ್ಳೋದು ಮಾತ್ರ ನಾಲ್ಕು ಗೋಡೆ ನಡುವೆನಾ?" ಎಂದಳು. ಗಡಿಯಾರ ಎಂಟಕ್ಕೆ ಐದು ನಿಮಿಷ ತೋರಿಸುತ್ತಿತ್ತು. "ಬರೆದು ಕೊಡ್ತೀನಿ ಅಕ್ಕ, ಎಲ್ಲರೂ ಓದೋ ಹಾಗೆ" ಎಂದೆ. ಆಗ ಅವಳು ಆ ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ, ಎದ್ದಳು.

ಆಮೇಲೆ ನಾನು ಓಡಿದ ಓಟವನ್ನು ವರ್ಣಿಸಿ ತಮ್ಮ ಸಮಯ ಹಾಳುಮಾಡುವುದಿಲ್ಲ. ಹೊರಗೆ ಹೋಗುವಾಗ ಎರಡು ಹೆಜ್ಜೆಗೆ ಮುಗಿದ ಕೆಲಸ, ಒಳಗೆ ಬರುವಾಗ ನಾಲ್ಕು ಸಾಲು, ಮೂರು ವಿಚಾರಣೆ, ಒಂದು ಬೆಲ್ಟು ಬಿಚ್ಚುವಿಕೆಯಷ್ಟು ಉದ್ದವಾಯಿತು. ಬೋರ್ಡಿಂಗ್ ಪಾಸು ಹೆಂಡತಿಯ ಚೀಲದಲ್ಲಿತ್ತು. ಅವಳು ಕುರ್ಚಿಯಿಂದ ಏಳದೆಯೇ ಅದರ ಫೋಟೋ ತೆಗೆದು ಕಳಿಸಿದಳು, ಮೊದಲ ಸಲ ಅದರಲ್ಲಿ ಅವಳ ಹೆಬ್ಬೆರಳು ಮಾತ್ರ ಬಂದಿತ್ತು. ಅಕ್ಕ ದಾರಿಗೆಂದು ತುಂಬಿಕೊಟ್ಟ ಸೂಪಿನ ಬಾಟಲಿಯನ್ನು ಒಳಗೆ ಬಿಡುವುದಿಲ್ಲವೆಂದರು. ಚೆಲ್ಲಲು ಮನಸ್ಸಾಗದೆ, ನನ್ನ ಹಿಂದೆ ನಿಂತಿದ್ದ ಇಪ್ಪತ್ತು ಜನರ ಶಾಪದ ನಡುವೆ ಒಂದೂವರೆ ಲೋಟ ಬಿಸಿ ಸೂಪನ್ನು ನಿಂತೇ ಕುಡಿದೆ. ಬೂಟಿನ ಜೋಡಿ ಹಿಡಿದು ಕಾಯುತ್ತಿದ್ದ ಹೆಂಡತಿ ಕೇಳಿದ್ದು ವಿಮಾನದ ಬಗ್ಗೆ ಅಲ್ಲ. "ಅಕ್ಕ ಮಾತಾಡಿದ್ರಾ?" ಎಂದು.

ಮಾತಾಡಿದ್ರಾ ಎಂದು ಕೇಳಿ, ಮಾನ್ಯರೇ! ನನಗೀಗ ಇರುವ ಗೋಳೇ ಅದು. ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಏಳಕ್ಕೆ ಫೋನು ಮಾಡುತ್ತಾಳೆ. ಒಂಬತ್ತು ವರ್ಷಗಳ ಬಾಕಿ ಬೈಗುಳ, ಬಾಕಿ ಸುದ್ದಿ, ಬಾಕಿ ಉಪದೇಶಗಳನ್ನು ವರ್ಷವಾರು ವಿಂಗಡಿಸಿ ತಲುಪಿಸುತ್ತಿದ್ದಾಳೆ, ಸದ್ಯ ಎರಡನೆಯ ವರ್ಷದ ನಡುವಿನಲ್ಲಿದ್ದೇವೆ. ಮುರಿದ ಲಿಫ್ಟಿನ ಒಳಗಿದ್ದಾಗಲೂ ಫೋನು ಎತ್ತಬೇಕು, ಎತ್ತದಿದ್ದರೆ ಮತ್ತೆ ಎಲ್ಲೋ ಬಿದ್ದಿದ್ದೇನೆಂದು ಹೆಂಡತಿಗೆ ಫೋನು ಹೋಗುತ್ತದೆ. ನಾನು ಇಷ್ಟು ಕಾಲ ಜೋಪಾನ ಮಾಡಿದ್ದ ಮೌನವನ್ನು ಎರಡೇ ಹೆಜ್ಜೆಯಲ್ಲಿ ಹಾಳು ಮಾಡಿದ ತಮಗೆ ಯಾವ ಶಿಕ್ಷೆಯೂ ಸಾಲದು.

ಆದಕಾರಣ ನನ್ನ ಕೋರಿಕೆಗಳು ಹೀಗಿವೆ. ಒಡಹುಟ್ಟಿದವರ ಊರಿನಲ್ಲಿ ಕದ್ದು ಕುಳಿತವರನ್ನು ತಾವು ಮುಖ ನೋಡಿಯೇ ಗುರುತಿಸಿ, ಕುರ್ಚಿಯ ಸಮೇತ ಹೊರಗೆ ಎಳೆದು ಹಾಕಬೇಕು. ಎಳೆದ ಮೇಲೆ ಅವರು ಎಷ್ಟೇ ಕೈಕಾಲು ಒಡ್ಡಿದರೂ ಊಟ ಮಾಡಿ ಬರುವತನಕ ತೆರೆಯಬಾರದು. ಸಾಧ್ಯವಾದರೆ ತಮ್ಮ ಕಣ್ಣುಗಳಲ್ಲೊಂದನ್ನು ನನಗೆ ಎರವಲು ಕೊಡಬೇಕು, ಸವೆದ ಬಿಲ್ಲೆ ಕಂಡೂ ಕಾಣದಂತೆ ಹೋಗುವವರನ್ನು ನಮ್ಮ ಕಸುಬಿನಲ್ಲಿ ಹಿಡಿಯಬೇಕಾಗಿದೆ. ಅಕ್ಕನಿಗೆ ನೇರವಾಗಿ ಬರೆಯಬೇಕಾದದ್ದನ್ನು ತಮಗೆ ಬರೆದಿದ್ದೇಕೆ ಎಂದು ತಾವು ಕೇಳಬಹುದು. ದೂರಿನ ನಡುವೆ ತಪ್ಪೊಪ್ಪಿಗೆಯನ್ನು ಸಿಕ್ಕಿಸಿದರೆ ಓದುವವರ ಕಣ್ಣು ಅಲ್ಲಿ ಅಷ್ಟಾಗಿ ನಿಲ್ಲದೆಂಬ ದುರಾಸೆಯಿಂದ ಹಾಗೆ ಮಾಡಿದೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ಗಾಜಿಗೆ ಗೀರು ಬೀಳದಿರಲಿ, ತಮ್ಮ ಮೋಟಾರಿಗೆ ಸಕಾಲಕ್ಕೆ ಎಣ್ಣೆ ಸಿಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಹಳದಿ ಗೆರೆ ದಾಟಿದ ಲಿಫ್ಟು ಮೆಕ್ಯಾನಿಕ್

ತಾ.ಕ.: ತಮಗೆ ಕಳಿಸುವ ಮುನ್ನ ಒಪ್ಪಿಗೆಗೆಂದು ಇದರ ಪ್ರತಿಯನ್ನು ಅಕ್ಕನಿಗೆ ಕಳಿಸಿದ್ದೆ. "ನಂಗೆ ಬರೆಯೋಕೆ ಧೈರ್ಯ ಸಾಲದೆ ಬಾಗಿಲಿಗೆ ಬರೆದಿದ್ದಾನೆ" ಎಂದು ನಕ್ಕು, ತಪ್ಪೊಪ್ಪಿಗೆಯ ಭಾಗದ ಅಡಿಗೆ ಕೆಂಪು ಗೆರೆ ಎಳೆದು, ತನ್ನ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಅಂಟಿಸಿಬಿಟ್ಟಿದ್ದಾಳೆ. ಹಾಗಾಗಿ ತಮಗಿಂತ ಮೊದಲೇ ಐದೂ ಅಂತಸ್ತಿನವರು ಇದನ್ನು ಓದಿ ಮುಗಿಸಿದ್ದಾರೆ, ಬೀಗರು ಓದಲೆಂದೇ ಅವರನ್ನು ಭಾನುವಾರ ಊಟಕ್ಕೂ ಕರೆದಿದ್ದಾಳೆ. ಮಗಳ ಮದುವೆಯ ದಿನದಿಂದ ಈವರೆಗೆ ಮೆಟ್ಟಿಲನ್ನೇ ಹತ್ತಿಳಿಯುತ್ತಿದ್ದ ಅಕ್ಕ, ಇದನ್ನು ಅಂಟಿಸಲೆಂದು ಆ ಲಿಫ್ಟಿನೊಳಗೆ ಕಾಲಿಟ್ಟಳಂತೆ, ಕೆಳಗಿನವರೆಗೂ ಹೋದಳಂತೆ. ಬಾಗಿಲು ಸರಿಯಾಗಿ ಮುಚ್ಚಿತಂತೆ, ಸರಿಯಾಗಿ ತೆರೆಯಿತಂತೆ, ಎರಡೂ ಕಡೆಯಿಂದ. ತಾವು ಬಿಡುವಾದಾಗ ಹೋಗಿ ನೋಡಿ ಕಲಿಯಬಹುದು.