ಇದು ರದ್ದಿಯಲ್ಲ

ಲಸಿಕೆಯ ಕಾರ್ಡು ಕಳೆದುಹೋಗಿದೆ ಎಂಬುದು ಗೊತ್ತಾದದ್ದು, ಅದನ್ನು ಕಾಲೇಜಿಗೆ ಕೊಡಬೇಕಾಗಿದ್ದ ದಿನವೇ, ಬೆಳಿಗ್ಗೆ ಏಳೂವರೆಗೆ. ಎಂಟು ತಿಂಗಳ ಹಿಂದೆ ಆ ಮನೆಗೆ ದೊಡ್ಡ ನಷ್ಟವೊಂದು ಆಗಿಹೋಗಿತ್ತು, ಮನೆಯೊಡತಿ ತೀರಿಕೊಂಡಿದ್ದಳು. ದೊಡ್ಡ ನಷ್ಟ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಕತ್ತರಿ ಎಲ್ಲಿ, ಬೀಗದ ಕೈ ಎಲ್ಲಿ ಎಂದು ಕೇಳಿ ಉತ್ತರ ಬಾರದೆ ಹೋದಾಗಲೆಲ್ಲ ಅದು ಇನ್ನೊಮ್ಮೆ ಆಗುತ್ತದೆ. ಇದನ್ನು ಅನುಭವಿಸಿದವರು ಬಲ್ಲರು.

ಮನೆಯ ಯಜಮಾನ ಪುಸ್ತಕಗಳಿಗೆ ರಟ್ಟು ಹಾಕುವವನು. ಬೆರಳುಗಳಿಗೆ ಸದಾ ಅಂಟು ಮೆತ್ತಿರುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಗೋಂದಣ್ಣ ಎನ್ನುತ್ತಿದ್ದರು. "ಸಾವಿರಾರು ಪುಸ್ತಕ ಕಟ್ಟಿದೀನಿ, ಒಂದನ್ನೂ ಓದಿಲ್ಲ. ಓದ್ತಾ ಕೂತ್ರೆ ಅಂಟು ಒಣಗುತ್ತೆ" ಎಂಬುದು ಅವನ ಹೆಮ್ಮೆಯ ಮಾತು. ಗಟ್ಟಿ ಕಾಗದ ಕಂಡರೆ ಅವನಿಗೆ ಹಾಲು ಕಂಡ ಬೆಕ್ಕಿನ ಹಾಗಾಗುತ್ತಿತ್ತು. ರಟ್ಟು ತೆಳ್ಳಗಿದ್ದರೆ ಒಳಗೊಂದು ಹಳೆಯ ಕಾರ್ಡನ್ನು ಸೇರಿಸಿ, ಮೇಲೆ ಕಾಗದ ಅಂಟಿಸಿ ಗಟ್ಟಿ ಮಾಡುವುದು ಅವನ ಪದ್ಧತಿ. ಹಾಗೆ ಒಮ್ಮೆ ಹೆಂಡತಿಯ ತಮ್ಮನ ಮದುವೆಯ ಫೋಟೋ ಯಾರೋ ವಕೀಲರ ಪುಸ್ತಕದೊಳಗೆ ಸೇರಿಹೋಗಿತ್ತು. ಅಂದಿನಿಂದ ಆ ಪುಣ್ಯವತಿ ಮನೆಗೆ ಯಾವ ಗಟ್ಟಿ ಕಾಗದ ಬಂದರೂ ಅದರ ಮೂಲೆಯಲ್ಲಿ ದುಂಡಗಿನ ಅಕ್ಷರದಲ್ಲಿ 'ಇದು ರದ್ದಿಯಲ್ಲ' ಎಂದು ಬರೆದಿಡುತ್ತಿದ್ದಳು. ಕ್ಯಾಲೆಂಡರಿನ ಮೇಲೆ ಬರೆದಳು, ಮಗಳ ಅಂಕಪಟ್ಟಿಯ ಹಿಂದೆ ಬರೆದಳು, ಒಮ್ಮೆ ಹೊಸ ಚಪ್ಪಲಿಯ ಡಬ್ಬಿಯ ಮೇಲೂ ಬರೆದಳು.

ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದು ತಾಯಿಯ ಆಸೆ. ಚಿಕ್ಕಂದಿನಿಂದ ಹಾಕಿಸಿದ ಲಸಿಕೆಗಳ ದಾಖಲೆಯನ್ನು ಸಂಜೆ ನಾಲ್ಕರೊಳಗೆ ತಂದು ತೋರಿಸದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಕಾಲೇಜಿನ ಪತ್ರ ಹೇಳುತ್ತಿತ್ತು.

"ಅಪ್ಪ, ಅಮ್ಮನ ಕಪಾಟಿನ ಮೇಲಿನ ಖಾನೆ ಖಾಲಿ ಇದೆ" ಎಂದಳು ಮಗಳು. "ಕಾರ್ಡು ಅಲ್ಲೇ ಇರ್ತಿತ್ತು. ನಾನೇ ನೋಡಿದೀನಿ."

ಗೋಂದಣ್ಣ ಖಾಲಿ ಖಾನೆಯನ್ನು ನೋಡಿದ. ಹೆಂಡತಿ ಹೋದ ತಿಂಗಳಲ್ಲಿ, ಅವಳ ವಸ್ತುಗಳನ್ನು ನೋಡಲಾರದೆ, ಮುಖ ಆಚೆ ತಿರುಗಿಸಿಕೊಂಡು ಅದನ್ನು ಬರಿದು ಮಾಡಿದವನು ತಾನೇ ಎಂಬುದು ನೆನಪಾಯಿತು. ಯಾವುದನ್ನು ಎಲ್ಲಿಟ್ಟೆ ಎಂಬುದು ನೆನಪಾಗಲಿಲ್ಲ.

"ನಿಮ್ಮಮ್ಮನೇ ಎಲ್ಲೋ ಇಟ್ಟು ಮರೆತಿರಬೇಕು" ಎಂದುಬಿಟ್ಟ.

ಮಾತು ಬಾಯಿಂದ ತಾನಾಗಿ ಜಾರಿತು. ಜಾರಿದ ಮಾತಿಗೆ ಅಂಟು ಹಚ್ಚಿ ಹಿಂದಕ್ಕೆ ಕೂರಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಕಪಾಟು ಸರಿಸಿದ ಸದ್ದಿಗೆ ಪಕ್ಕದ ಮನೆಯ ಪೋಸ್ಟ್ ಮಾಸ್ತರರು ಬಂದರು. ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಇನ್ನೊಬ್ಬರ ಕಾಗದಪತ್ರಗಳ ಮೇಲಿನ ಪ್ರೀತಿ ಅವರಿಗೆ ಹೋಗಿರಲಿಲ್ಲ.

"ಏನಯ್ಯಾ, ಬೆಳಬೆಳಿಗ್ಗೆ ಮನೆ ಬದಲಾಯಿಸ್ತಿದೀಯಾ?"

"ಇಲ್ಲ ಮಾಸ್ತರೇ. ಮಗೂದು ಲಸಿಕೆ ಕಾರ್ಡು ಸಿಗ್ತಿಲ್ಲ. ಇವಳಮ್ಮ ಎಲ್ಲಿಟ್ಟಳೋ ಏನೋ. ಕೊನೇಗೆ ಸ್ವಲ್ಪ ಮರೆವು ಬಂದಿತ್ತು ಅವಳಿಗೆ."

"ಆಕೆಗೆ ಮರೆವೇ? ಮೂರು ವರ್ಷದ ಹಿಂದೆ ನಾನು ಒಯ್ದ ಏಣೀನ ಆಸ್ಪತ್ರೆ ಹಾಸಿಗೆ ಮೇಲಿಂದ ಕೇಳಿ ವಾಪಸ್ ಇಸ್ಕೊಂಡಳಲ್ಲಯ್ಯಾ" ಎಂದರು ಮಾಸ್ತರರು. "ಇರಲಿ. ಹೆದರಬೇಡ. ಲಸಿಕೆ ಹಾಕಿದ ಆರೋಗ್ಯ ಕೇಂದ್ರದಲ್ಲಿ ರಿಜಿಸ್ಟರ್ ಇರುತ್ತೆ. ನಾನೂ ಬರ್ತೀನಿ."

"ನಿಮಗ್ಯಾಕೆ ತೊಂದರೆ?"

"ತೊಂದರೆ ನಿನಗೆ. ನನಗೆ ಕೆಲಸ" ಎಂದು ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಆರೋಗ್ಯ ಕೇಂದ್ರದ ನರ್ಸಮ್ಮ ತಲೆ ನರೆತವರು. ಹದಿನೇಳು ವರ್ಷದ ಹಿಂದಿನ ರಿಜಿಸ್ಟರನ್ನು ಬೀರುವಿನ ತಳದಿಂದ ಎಳೆದು, ಧೂಳು ಕೊಡವಿ, ಮೇಜಿನ ಮೇಲೆ ತೆರೆದರು. ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದೆಡೆ ನಿಂತಿತು.

"ಸಿಕ್ತು. ಮಗು ಹೆಸರಿದೆ, ತಾಯಿ ಹೆಸರಿದೆ. ತಾರೀಕು..." ಎಂದು ಅವರು ಪುಟವನ್ನು ಅಗಲಿಸಲು ನೋಡಿದರು. ಪುಟ ಅಗಲವಾಗಲಿಲ್ಲ. ಇನ್ನಷ್ಟು ಒತ್ತಿದರು. ರಿಜಿಸ್ಟರು ಹಲ್ಲು ಕಚ್ಚಿದ ಮೊಸಳೆಯ ಹಾಗೆ ಬಾಯಿ ಬಿಡಲಿಲ್ಲ. ಹಾಳೆಗಳು ಬಿಚ್ಚಿಹೋದ ಮೇಲೆ ಮತ್ತೆ ಹೊಲಿಸಿದಾಗ ತಾರೀಕುಗಳ ಕಾಲಮ್ಮು ಪೂರ್ತಿಯಾಗಿ ಹೊಲಿಗೆಯ ಒಳಗೆ ಹೋಗಿತ್ತು.

"ಯಾವ ಪುಣ್ಯಾತ್ಮ ಹೊಲಿದನೋ ಇದನ್ನ" ಎಂದರು ನರ್ಸಮ್ಮ. "ಪುಟ ಹರಿಯುತ್ತೆ, ಹೊಲಿಗೆ ಬಿಡಲ್ಲ."

ಮಾಸ್ತರರು ಕನ್ನಡಕ ಏರಿಸಿ ಬಗ್ಗಿದರು. "ಗೋಂದಣ್ಣ, ಇದು ನಿನ್ನ ಕೈಕೆಲಸದ ಹಾಗಿದೆಯಲ್ಲಯ್ಯಾ?"

"ನಂದಲ್ಲ ಮಾಸ್ತರೇ. ನಾನು ಇಷ್ಟು ಒಳಗೆ ಹೊಲಿಯಲ್ಲ."

ಆದರೆ ಹಿಂದಿನ ರಟ್ಟಿನ ಒಳಮೈಯಲ್ಲಿ ತನ್ನ ಅಂಗಡಿಯ ಚೀಟಿ ಅಂಟಿಸಿರುವುದು ಅವನಿಗೆ ನೆನಪಿತ್ತು. ಆದ್ದರಿಂದ ಮಾತು ಮುಗಿಯುವವರೆಗೂ ರಿಜಿಸ್ಟರಿನ ಮೇಲೆ ಅಂಗೈ ಊರಿಕೊಂಡೇ ನಿಂತಿದ್ದ.

"ಈಕೆ ತಾಯಿ ನನಗೆ ಚೆನ್ನಾಗಿ ನೆನಪಿದಾಳೆ" ಎಂದರು ನರ್ಸಮ್ಮ. "ಕಾರ್ಡನ್ನ ಕರವಸ್ತ್ರದಲ್ಲಿ ಸುತ್ತಿ ತರ್ತಿದ್ದಳು. ಒಂದು ಲಸಿಕೆ ಒಂದು ದಿನ ತಡ ಆದದ್ದಿಲ್ಲ. ಅವಳು ಹೇಗೆ ಕಳೆದಳು?"

"ಆಮೇಲಾಮೇಲೆ ಸ್ವಲ್ಪ ಅಜಾಗರೂಕತೆ ಬಂತಮ್ಮ" ಎಂದ ಗೋಂದಣ್ಣ.

ಮಗಳು ತಂದೆಯ ಮುಖವನ್ನು ನೋಡಿದಳು. ಆ ನೋಟಕ್ಕಿಂತ ಬೈಗುಳ ವಾಸಿಯಿತ್ತು.

ನರ್ಸಮ್ಮ ದಾರಿ ತೋರಿಸಿದರು. "ದಾಖಲೆ ಇಲ್ಲ ಅಂದ್ರೆ ಹೊಸದಾಗಿ ಶುರು ಮಾಡೋದೇ. ದಡಾರದ್ದು ಒಂದು, ಕಾಮಾಲೆದು ಒಂದು, ಇವತ್ತು ಹಾಕ್ತೀನಿ. ಉಳಿದವು ಮುಂದಿನ ತಿಂಗಳಿಂದ. ನಮ್ಮ ಚೀಟಿ ಕೊಟ್ರೆ ಕಾಲೇಜಿನವರು ಒಪ್ತಾರೆ. ಆದರೆ ಹಳೇ ಕಾರ್ಡು ಯಾಕಿಲ್ಲ ಅಂತ ಒಂದು ಹೇಳಿಕೆ ಬರೆದುಕೊಡಬೇಕು. ಇಬ್ಬರು ಸಾಕ್ಷಿ ಬೇಕು."

ಸೂಜಿ ಕಂಡ ಕೂಡಲೇ ಗೋಂದಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಮಗಳು ಎರಡೂ ತೋಳುಗಳನ್ನು ಒಂದಾದ ಮೇಲೊಂದು ಕೊಟ್ಟು ಸುಮ್ಮನೆ ಕೂತಳು. ಬೆಂಚಿನ ಮೇಲೆ ಮಲಗಿಸಿ ನೀರು ಕುಡಿಸಿದ್ದು ತಂದೆಗೆ.

"ಹೇಳಿ ಕೇಳಿ ಹೊಲಿಗೆ ಕೆಲಸದವನು. ದಿನಾ ಸೂಜಿ ಹಿಡೀತೀಯ" ಎಂದರು ಮಾಸ್ತರರು ಗಾಳಿ ಬೀಸುತ್ತಾ.

"ಪುಸ್ತಕ ಅಳಲ್ಲ ಮಾಸ್ತರೇ."

"ನಿನ್ನ ಮಗಳೂ ಅಳಲಿಲ್ಲ. ಬಿದ್ದದ್ದು ನೀನು."

ಹೇಳಿಕೆಯನ್ನು ಮಾಸ್ತರರೇ ಬರೆದರು. ಇಂಥ ಕಾಗದ ಬರೆಯುವ ಅವಕಾಶಕ್ಕಾಗಿ ಅವರು ಒಂಬತ್ತು ವರ್ಷ ಕಾದಿದ್ದರು. ಬೆಂಚಿನ ಮೇಲೆ ಕೂತು ಬರೆದು, ಗಂಟಲು ಸರಿಮಾಡಿಕೊಂಡು ಓದಿದರು: "ಸದರಿ ಲಸಿಕೆ ಕಾರ್ಡನ್ನು ನನ್ನ ಪತ್ನಿಯಾಗಿದ್ದ ದಿವಂಗತರು ತಮ್ಮ ಜೀವಿತ ಕಾಲದಲ್ಲಿ ತಮ್ಮ ಅಜಾಗರೂಕತೆಯಿಂದ ಕಳೆದುಹಾಕಿರುತ್ತಾರೆಂದು ಈ ಮೂಲಕ ದೃಢೀಕರಿಸುತ್ತೇನೆ."

"ಅಪ್ಪ" ಎಂದಳು ಮಗಳು, "ಅಮ್ಮ ಕಳೆದಳು ಅಂತ ಬರೆಸಬೇಡ. ಕಳೆದಿದೆ ಅಂತ ಮಾತ್ರ ಬರೆಸು."

"ಯಾರು ಕಳೆದರು ಅಂತ ಇಲ್ದಿದ್ರೆ ಹೇಳಿಕೆಗೆ ಕಾಲೇ ಇರಲ್ಲಮ್ಮ" ಎಂದರು ಮಾಸ್ತರರು.

ಗೋಂದಣ್ಣ ಮಗಳನ್ನು ಪಕ್ಕಕ್ಕೆ ಕರೆದ. "ನೋಡು ತಾಯಿ, ಆ ಕಾಲೇಜಿನ ರಿಜಿಸ್ಟರೆಲ್ಲ ಕಟ್ಟೋದು ನಾನು. ಮಗಳ ಒಂದು ಕಾರ್ಡು ಕಾಪಾಡದವನ ಕೈಗೆ ಮುಂದೆ ಕಾಗದ ಕೊಡ್ತಾರಾ? ನಿಮ್ಮಮ್ಮನಿಗೆ ಇನ್ನು ಯಾರು ಏನು ಅಂದ್ರೂ ಏನಾಗಬೇಕು?"

"ನನಗೆ ಆಗುತ್ತೆ" ಎಂದಳು ಮಗಳು.

ಅವನು ರುಜು ಹಾಕಿದ. ಮಾಸ್ತರರು ಹಾಕಿದರು. ನರ್ಸಮ್ಮ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು ಹಾಕಿದರು.

ಮಾಸ್ತರರೂ ಸೇರಿ ಮೂವರು ಕಾಲೇಜಿನ ಕಚೇರಿ ತಲುಪಿದಾಗ ಮೂರೂವರೆ. ಒಳಗೆ ಹತ್ತು ಹದಿನೈದು ಮಂದಿ ತಂದೆತಾಯಿಗಳು, ಎಲ್ಲರ ಕೈಯಲ್ಲೂ ಅವರವರ ಮಕ್ಕಳ ಕಾರ್ಡು. ಕೆಲವು ಹರಿದಿದ್ದವು, ಕೆಲವಕ್ಕೆ ಎಣ್ಣೆ ಹತ್ತಿತ್ತು, ಒಂದನ್ನು ಇಲಿ ಕಡಿದಿತ್ತು. ಆದರೂ ಇದ್ದವು. ಗೋಂದಣ್ಣನಿಗೆ ಆ ಇಲಿ ಕಡಿದ ಕಾರ್ಡಿನ ಮೇಲೂ ಹೊಟ್ಟೆಕಿಚ್ಚಾಯಿತು.

"ಬನ್ನಿ ಗೋಂದಣ್ಣ" ಎಂದರು ಗುಮಾಸ್ತರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಏನನ್ನೇ ಓದಿದರೂ ದೊಡ್ಡ ದನಿಯಲ್ಲಿ ಓದುತ್ತಿದ್ದರು. ಹೇಳಿಕೆಯನ್ನೂ ಹಾಗೆಯೇ ಓದಿದರು. 'ಅಜಾಗರೂಕತೆಯಿಂದ' ಎಂಬಲ್ಲಿ ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಪಾಪ" ಎಂದಳು ಸಾಲಿನಲ್ಲಿದ್ದ ಒಬ್ಬಳು ತಾಯಿ, ತನ್ನ ಕಾರ್ಡನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು. "ಎಂಥ ಹೆಂಗಸಪ್ಪ."

ಮಗಳು ಕಿಟಕಿಯ ಕಡೆ ತಿರುಗಿದಳು. ಗೋಂದಣ್ಣ ತನ್ನ ಬೆರಳುಗಳ ಮೇಲಿನ ಒಣ ಅಂಟನ್ನು ಕೀಳತೊಡಗಿದ.

ಗುಮಾಸ್ತರು ಹೊಸ ಪ್ರವೇಶ ರಿಜಿಸ್ಟರಿನಲ್ಲಿ ಮಗಳ ಹೆಸರು ಬರೆದು ಮೊಹರು ಒತ್ತಿದರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸೀಟು ಉಳಿಯಿತು. ಗೋಂದಣ್ಣ ಕೈಮುಗಿದು ಹೊರಡಲು ತಿರುಗಿದ.

"ಒಂದು ನಿಮಿಷ" ಎಂದರು ಗುಮಾಸ್ತರು. "ನಿಮ್ಮ ಈ ರಿಜಿಸ್ಟರು ಹೋದ ವಾರವಷ್ಟೇ ಬಂತು, ಆಗಲೇ ರಟ್ಟು ಬಾಯಿ ಬಿಟ್ಟಿದೆ. ನೀರಿನ ಲೋಟ ಮಗುಚಿದ್ದು ನಾನೇ ಅನ್ನಿ. ಹೇಗೂ ಬಂದಿದೀರಿ, ಅಂಟು ಹಚ್ಚಿಬಿಡಿ."

ಜೇಬಿನಲ್ಲಿ ಅಂಟಿನ ಡಬ್ಬಿಯಿಲ್ಲದೆ ಗೋಂದಣ್ಣ ಮನೆ ಬಿಡುವವನಲ್ಲ. ರಟ್ಟಿನ ಒಳಮೈಯಲ್ಲಿ ಒದ್ದೆಯಾಗಿ ಬಿಟ್ಟುಕೊಂಡಿದ್ದ ಕಾಗದವನ್ನು ಉಗುರಿನಿಂದ ಮೆಲ್ಲಗೆ ಎತ್ತಿದ. ಕೆಳಗೆ, ರಟ್ಟನ್ನು ಗಟ್ಟಿ ಮಾಡಲು ಅವನೇ ಇಟ್ಟಿದ್ದ ಅರ್ಧ ಕಾರ್ಡು ಕಾಣಿಸಿತು. ನಸು ಹಳದಿ ಬಣ್ಣದ್ದು. ಅವನು ಓದುವವನಲ್ಲ. ಓದಿದವಳು ಮಗಳು.

"ಅಪ್ಪ. ಅಮ್ಮನ ಅಕ್ಷರ."

ಮೂಲೆಯಲ್ಲಿ ದುಂಡಗೆ ಬರೆದಿತ್ತು: 'ಇದು ರದ್ದಿಯಲ್ಲ. ಮಗು ಕಾಲೇಜು ಸೇರುವಾಗ ಬೇಕು. ದಯವಿಟ್ಟು ರಟ್ಟಿಗೆ ಹಾಕಬೇಡಿ.'

ಗೋಂದಣ್ಣ ಹಿಂದಿನ ರಟ್ಟಿನ ಒಳಗಿನ ಕಾಗದವನ್ನೂ ಕಿತ್ತ. ಉಳಿದರ್ಧ ಅಲ್ಲಿತ್ತು. ಎರಡನ್ನೂ ಜೋಡಿಸಿ ಓದಿದರೆ ಒಂದು ತಾರೀಕೂ ಹೋಗಿರಲಿಲ್ಲ. ಹುಟ್ಟಿದ ದಿನದಿಂದ ಹಿಡಿದು ಎಲ್ಲ ಲಸಿಕೆಗಳೂ ಸಾಲಾಗಿ, ಹೊತ್ತಿಗೆ ಸರಿಯಾಗಿ ಇದ್ದವು.

ಮಗಳು ನೋಯುವ ಎರಡು ತೋಳುಗಳನ್ನೂ ಉಜ್ಜಿಕೊಂಡಳು.

"ಅಂದ್ರೆ ದಾಖಲೆ ಹೋದ ವಾರಾನೇ ನಮ್ಮ ಕಚೇರಿಗೆ ಬಂದಿತ್ತು" ಎಂದರು ಗುಮಾಸ್ತರು. "ಎಲ್ಲರಿಗಿಂತ ಮೊದಲು."

ಕೋಣೆಯಲ್ಲಿ ಯಾರೋ ನಕ್ಕರು. ಗೋಂದಣ್ಣನಿಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ಆದರೆ ನೆಲ ಅವನು ಕಟ್ಟಿದ ರಿಜಿಸ್ಟರಲ್ಲ, ಬಾಯಿ ಬಿಡಲಿಲ್ಲ.

"ಸಾರ್" ಎಂದ ಅವನು, ತಗ್ಗಿದ ದನಿಯಲ್ಲಿ, "ಆ ಹೇಳಿಕೆ ವಾಪಸ್ ಕೊಡಿ. ಅದು ಸುಳ್ಳು. ಅವಳು ಕಳೆದಿಲ್ಲ. ಅವಳು ಯಾವತ್ತೂ ಏನನ್ನೂ ಕಳೆದವಳಲ್ಲ. ನಾನೇ ರಟ್ಟಿಗೆ ಹಾಕಿದ್ದು."

"ಏನಂದ್ರಿ? ಜೋರಾಗಿ ಹೇಳಿ" ಎಂದರು ಗುಮಾಸ್ತರು ಕಿವಿಗೆ ಕೈಯಿಟ್ಟು.

ಅವನು ಅದನ್ನೇ ಇಡೀ ಕೋಣೆಗೆ ಕೇಳುವಂತೆ ಇನ್ನೊಮ್ಮೆ ಹೇಳಬೇಕಾಯಿತು.

"ಸುಳ್ಳು ಹೇಳಿಕೆ ಇಟ್ಟುಕೊಳ್ಳೋ ಹಾಗಿಲ್ಲ" ಎಂದರು ಗುಮಾಸ್ತರು. "ರಿಜಿಸ್ಟರಿಗೆ ಅಂಟಿಕೊಂಡ ದಾಖಲೇನ ಕೀಳೋ ಹಾಗೂ ಇಲ್ಲ. ಅದು ಯಾಕೆ ರಟ್ಟಿನಲ್ಲಿದೆ ಅಂತ ಹೊಸ ಹೇಳಿಕೆ ಬರೆದುಕೊಡಿ."

ಮಾಸ್ತರರು ಉತ್ಸಾಹದಿಂದ ಪೆನ್ನು ತೆಗೆದರು. ಮಗಳು ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ತೋಳು ನೋಯುತ್ತಿದ್ದುದರಿಂದ ನಿಧಾನವಾಗಿ, ತಾಯಿಯ ಹಾಗೆಯೇ ದುಂಡಗೆ ಬರೆದಳು: 'ಈ ಕಾರ್ಡನ್ನು ನನ್ನ ತಾಯಿ ಹದಿನೇಳು ವರ್ಷ ಕಾಪಾಡಿದರು. ನನ್ನ ತಂದೆ ಒಂದು ದಿನ ನೋಡದೆ ರಟ್ಟಿಗೆ ಹಾಕಿದರು.' ಗೋಂದಣ್ಣ ಈ ಸಲ ಓದಿ ರುಜು ಹಾಕಿದ. ಅವನು ಪೂರ್ತಿಯಾಗಿ ಓದಿದ ಮೊದಲ ಬರಹ ಅದೇ ಇರಬೇಕು.

ಗುಮಾಸ್ತರು ಆ ಹಾಳೆಯನ್ನು ಅವನ ಕೈಗೇ ಕೊಟ್ಟರು. "ರಿಜಿಸ್ಟರಿನ ಮೊದಲ ಪುಟಕ್ಕೆ ಅಂಟಿಸಿ. ಚೆನ್ನಾಗಿ. ಇದು ಇನ್ನೂ ಮೂವತ್ತು ವರ್ಷ ಇರಬೇಕಾದ ರಿಜಿಸ್ಟರು."

ಅವನು ಹಾಳೆಯ ನಾಲ್ಕು ಅಂಚಿಗೂ ಅಂಟು ಹಚ್ಚಿ, ಒಂದು ಸುಕ್ಕೂ ಬಾರದ ಹಾಗೆ ಅಂಗೈಯಿಂದ ಒತ್ತಿ ಅಂಟಿಸಿದ. ಇನ್ನು ಮುಂದೆ ಆ ರಿಜಿಸ್ಟರು ತೆರೆದವರೆಲ್ಲ ಮೊದಲು ಓದುವುದು ಅದನ್ನೇ. ಅವನ ಆಯುಷ್ಯದಲ್ಲಿ ಅಷ್ಟು ಚೊಕ್ಕವಾದ ಕೆಲಸವನ್ನು ಅವನು ಮಾಡಿರಲಿಲ್ಲ.

ಮನೆಗೆ ಬಂದು ಕೈ ತೊಳೆದುಕೊಂಡು ಹೆಂಡತಿಯ ಪಟದ ಮುಂದೆ ನಿಂತ. ಮಗಳು ಬಂದು ಪಕ್ಕದಲ್ಲಿ ನಿಂತಳು. ಆ ಪಟದ ಹಿಂಬದಿಯ ರಟ್ಟಿನ ಮೇಲೆ ಅವಳೇ ದುಂಡಗೆ ಏನು ಬರೆದಿದ್ದಳೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಣ್ಣು ಮುಚ್ಚಿ ಕೈಮುಗಿದ.

"ದೇವರೇ, ಎಲ್ಲವನ್ನೂ ಕಾಪಾಡಿ ಇಟ್ಟವಳು ಈಗ ನಿನ್ನ ಹತ್ತಿರ ಇದಾಳೆ. ಅವಳನ್ನ ನೀನು ಕಾಪಾಡಿ ಇಟ್ಟುಕೋ. ಇವತ್ತು ನಾನು ಆಡಿದ ಮಾತು ಅವಳ ಕಿವಿಗೆ ಬೀಳದಿರಲಿ. ಬಿದ್ದಿದ್ರೆ, ಕ್ಷಮಿಸೋ ಮನಸ್ಸು ಕೊಡು. ಅವಳ ಆತ್ಮಕ್ಕೆ ಶಾಂತಿ ಸಿಗಲಿ."