ಟೊಪ್ಪಿಗೆಯೊಳಗಿನ ಬಿಸಿ

ಅಂದಪ್ಪನ ಕಷ್ಟಕ್ಕೆಲ್ಲ ಒಂದು ನೀಲಿ ಟೊಪ್ಪಿಗೆಯೇ ಕಾರಣ.

ಕನ್ನಡ ನಾಡು ಒಂದಾಗಲಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಆಟಗಾರರು ಬೀಡಿ ಸೇದುತ್ತ ಮೂಲೆಯಲ್ಲಿ ನಿಂತಿರಬಾರದೆಂದು ಗದುಗಿನ ಕಾಲೇಜೊಂದರ ಪ್ರಿನ್ಸಿಪಾಲರಿಗೆ ಅನಿಸಿತು. ಆಟಗಾರರಿಗೆಲ್ಲ ನೀಲಿ ಟೊಪ್ಪಿಗೆ ಹಂಚಿ, ಬೀದಿಗೆ ಬಂದರೆ ಅದು ತಲೆಯ ಮೇಲಿರಬೇಕು ಎಂದರು. ಬೀಡಿ ಇಲ್ಲ, ಚಹಾದಂಗಡಿ ಇಲ್ಲ, ಬಸ್‌ಸ್ಟ್ಯಾಂಡಿನ ಮಿರ್ಚಿ ಬಜಿ ಇಲ್ಲ. ತಪ್ಪಿ ನಡೆದವನ ಟೊಪ್ಪಿಗೆಯನ್ನು ಊರವರು ಯಾರು ಬೇಕಾದರೂ ಕಿತ್ತು ತಂದು ಕಾಲೇಜಿಗೆ ಒಪ್ಪಿಸಬಹುದು.

ಅಂದಪ್ಪ ಆ ಕಾಲೇಜಿನ, ಕಬಡ್ಡಿಯಂಥ ಹುತುತು ಆಟಗಾರ. ಹಾಗೆಂದರೆ, ಉಳಿದವರು ಆಡುವಾಗ ಅವರ ಅಂಗಿ ಕಾಯುವವನು. ಅಂಗಿ ಕಾಯ್ದವನಿಗೂ ಟೊಪ್ಪಿಗೆ ಸಿಕ್ಕಿತಲ್ಲ, ಅವನ ಅವ್ವ ಕಳಕವ್ವ ಬೆಟಗೇರಿಯ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾಳೆ ಏಕೀಕರಣದ ಮೆರವಣಿಗೆ. ಟೊಪ್ಪಿಗೆ ಇದ್ದವರೇ ಮುಂದೆ ನಡೆಯುವವರು. ಅದನ್ನು ನೋಡಲು ಮುಳಗುಂದದಿಂದ ತನ್ನ ತಮ್ಮನನ್ನೂ ಕರೆಸಿದ್ದಳು. ಇವತ್ತೊಂದು ದಿನ ಟೊಪ್ಪಿಗೆ ತಲೆಯ ಮೇಲೆ ಉಳಿದರೆ ಸಾಕಿತ್ತು.

ಮುಂಜಾನೆ ಅಂದಪ್ಪ ಹೊಸ್ತಿಲು ದಾಟಿ ಆಕಳಿಸಿದ್ದೇ ತಡ, ಎದುರುಮನೆಯ ದೇವವ್ವ ಕಟ್ಟೆಯಿಂದ ಎದ್ದಳು.

“ಟೊಪಿಗಿ ಹಾಕ್ಕೊಂಡು ಆಕಳಸ್ತೀಯಲ್ಲೋ! ನೀ ಆಟಗಾರ ಅದೀಯೋ, ಎಮ್ಮಿ ಅದೀಯೋ?”

“ಆಕಳಿಸಬಾರದು ಅಂತ ಸಾಹೇಬರು ಹೇಳಿಲ್ಲ ಬಿಡಬೇ.”

“ಹಿರ್ಯಾರಿಗೆ ಎದುರಾಡು ಅಂತ ಹೇಳ್ಯಾರೇನು? ತಾ ಟೊಪಿಗಿ!”

ಟೊಪ್ಪಿಗೆ ಉಳಿಸಿಕೊಳ್ಳಲು ಅಂದಪ್ಪ ಅವಳ ಹಂಡೆ ತುಂಬುವವರೆಗೆ ನೀರು ಹೊತ್ತ. ಅದನ್ನು ಕಂಡ ಪಕ್ಕದ ಶಂಕ್ರೆವ್ವ ಜೋಳದ ಚೀಲ ತಂದಳು. “ಆಟಗಾರ ಅದೀಯಲ್ಲೋ, ಗಿರಣಿಗೆ ಹಾಕಿ ಬಾ. ಒಲ್ಲೆ ಅಂದ್ರ ಕಾಲೇಜಿಗೆ ಹೇಳ್ತೇನಿ ನೋಡು.” ಹುತುತು ಅಂಗಳದಲ್ಲಿ ವರ್ಷವಿಡೀ ಹರಿಯದ ಬೆವರು ಅರ್ಧ ದಿನದಲ್ಲಿ ಹರಿಯಿತು.

ಚೀಲ ಗಿರಣಿಯಲ್ಲಿಟ್ಟು ಹೊರಬಿದ್ದಾಗ ಅವನ ಹೊಟ್ಟೆ ನೂಲಿಲ್ಲದ ಮಗ್ಗದಂತೆ ಕಟಕಟ ಎನ್ನುತ್ತಿತ್ತು. ಎದುರಿಗೆ ಬಸ್‌ಸ್ಟ್ಯಾಂಡು, ಅದರ ಪಕ್ಕ ಮೆಹಬೂಬಿಯ ಕಡಾಯಿ, ಕಡಾಯಿಯಲ್ಲಿ ಮಿರ್ಚಿ. ಅಂದಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಚಾಚಿ, ಎರಡು ಕೊಡು. ಜಲ್ದಿ.”

“ಟೊಪಿಗಿ ಹುಡುಗ್ರಿಗೆ ಕೊಡಬ್ಯಾಡ ಅಂತ ಸಾಹೇಬರು ಹೇಳಿ ಕಳಿಸ್ಯಾರಪಾ.”

“ಈಗ ನನ್ನ ತಲಿ ಮ್ಯಾಲ ಟೊಪಿಗಿ ಐತೇನು?”

ಮೆಹಬೂಬಿ ನಕ್ಕು ಎರಡು ಮಿರ್ಚಿ ಕೈಗಿಟ್ಟಳು. ಬಾಯಿಗೆ ಒಯ್ಯುವಷ್ಟರಲ್ಲಿ, “ಇಲ್ಲೇ ಅದಾನ್ರಿ ಸಾಹೇಬರ!” ಎಂಬ ಕೂಗು. ದೇವವ್ವ! ಆಕಳಿಕೆಯ ದೂರು ಹೇಳಲು ಕಾಲೇಜಿಗೇ ಹೋಗಿದ್ದಳು. ಹೊತ್ತ ನೀರು ಲೆಕ್ಕಕ್ಕೆ ಬಂದಿರಲಿಲ್ಲ. ಅವಳ ಹಿಂದೆ ಪ್ರಿನ್ಸಿಪಾಲರ ಕೊಡೆ. ಅಂದಪ್ಪ ಮಿರ್ಚಿಯನ್ನು ಟೊಪ್ಪಿಗೆಗೆ ಹಾಕಿ, ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡ.

ಕಡಾಯಿಯೇ ತಲೆಯ ಮೇಲೆ ಕುಳಿತಂತಾಯಿತು. ಪ್ರಿನ್ಸಿಪಾಲರು ನಿಧಾನ ಮಾತಿನವರು. ಶೀಲ ಎಂದರು, ಶಿಸ್ತು ಎಂದರು, ನಾಡು ಎಂದರು. ಒಂದೊಂದು ಮಾತಿಗೂ ಒಂದೊಂದು ಹನಿ ಎಣ್ಣೆ ಕಿವಿಯ ಪಕ್ಕ ಇಳಿಯಿತು. ಉರಿಗೆ ಅಂದಪ್ಪನ ಕಣ್ಣಲ್ಲಿ ನೀರಾಡಿತು.

“ಟೊಪಿಗಿ ತಗಸ್ರಿ ಸಾಹೇಬರ, ಎಣ್ಣಿ ಇಳ್ಯಾಕತ್ತೈತಿ!” ಎಂದಳು ದೇವವ್ವ.

ಪ್ರಿನ್ಸಿಪಾಲರು ಮೂಗರಳಿಸಿದರು. ಒಮ್ಮೆಲೇ ಗಂಭೀರರಾದರು.

“ತಲಿಗೆ ಎಣ್ಣಿ ಹಚ್ಚೂದು ಒಳ್ಳೆ ನಡತಿ ತಾಯಿ. ನೀವು ಮನಿಗೆ ನಡೀರಿ. ಅಂದಪ್ಪ, ನೀ ಆಫೀಸಿಗೆ ಬಾ.”

ಮುಗಿಯಿತು. ಮುಳಗುಂದದ ಮಾವನ ನಗೆ ಅಂದಪ್ಪನಿಗೆ ದಾರಿಯುದ್ದಕ್ಕೂ ಕೇಳಿಸಿತು. ಪ್ರಿನ್ಸಿಪಾಲರು ಆಫೀಸಿನ ಬಾಗಿಲು ಹಾಕಿ ಅಗಳಿ ಜಡಿದರು.

“ತಗಿ.”

ತೆಗೆದ. ಪ್ರಿನ್ಸಿಪಾಲರು ಟೊಪ್ಪಿಗೆಯೊಳಗೆ ಇಣುಕಿದರು, ಕಿಟಕಿಯತ್ತ ನೋಡಿದರು, ಆಮೇಲೆ ಒಂದು ಮಿರ್ಚಿ ಎತ್ತಿ ಕಚ್ಚಿ ಕಣ್ಣು ಮುಚ್ಚಿದರು.

“ಈ ಕುರ್ಚಿಗೆ ಬಂದಾಗಿಂದ ಆ ಕಡಾಯಿ ಮುಂದ ನಿಂದ್ರೂಹಂಗಿಲ್ಲ ನೋಡಪಾ. ಈ ಊರ ಮಂದಿ ಕಣ್ಣು ಭಾಳ ಚೂಪು.”

ಎರಡನೆಯದೂ ಹೋಯಿತು. ಅಂದಪ್ಪ ಉಗುಳು ನುಂಗಿದ.

“ಟೊಪಿಗಿ ನಿನ್ನ ಕಡೇನ ಇರಲಿ. ನಾಳೆ ಮೆರವಣಿಗಿ ಉದ್ದ ಐತಿ, ಮುಗಿಯೂದ್ರಾಗ ನನಗ ಹಸಿವ್ಯಾಗತೈತಿ. ಬರೂ ಮುಂದ ನಾಕು ತಾ. ಇದರಾಗ ಬಿಸಿ ಛಲೋ ಉಳೀತೈತಿ.”

ಮರುದಿನ ಮೆರವಣಿಗೆಯ ಮುಂದೆ, ಧ್ವಜದ ಪಕ್ಕದಲ್ಲೇ ಅಂದಪ್ಪ ನಡೆದ. ತಲೆ ಅಲ್ಲಾಡಿಸುವಂತಿಲ್ಲ. ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಕಳಕವ್ವ ತಮ್ಮನ ರಟ್ಟೆ ಹಿಡಿದೆಳೆದಳು. “ನಾಡು ಒಂದಾತಂತ ನನ್ನ ಮಗ ಹೆಂಗ ಅಳಾಕತ್ಯಾನ ನೋಡೋ!”

ಓಣಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ದೇವವ್ವನಂತೂ ಸೆರಗು ತೋಯಿಸಿಕೊಂಡಳು.